ನಲವತ್ತು ದಾಟಬ್ಯಾಡ್ರಿ

ಸಿಟ್ಟು ಬರುವ ಮುನ್ನ ರಾಮಾಂಜಿನಿಯ ಎಡಗಿವಿಯ ಹಿಂದೆ ಒಂದು ನರ ಉಬ್ಬುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂರುವ ನೀಲಾವತಿಗೆ ಎದುರಿನ ರಸ್ತೆಗಿಂತ ಆ ನರವೇ ಹೆಚ್ಚು ಪರಿಚಯ. ಬೈಕ್ ಕಂಪನಿಯ ಬಳ್ಳಾರಿ ಏರಿಯಾ ಮ್ಯಾನೇಜರ್ ಆದಾಗಿನಿಂದ ಅವಳು ಶೋರೂಮುಗಳನ್ನು ಸುತ್ತುತ್ತಿದ್ದದ್ದು ಅವನ ಬಾಡಿಗೆ ಕಾರಿನಲ್ಲೇ.

ಆ ದಿನ ಬಳ್ಳಾರಿ ದಾಟುವ ಮೊದಲೇ ನರ ಒಮ್ಮೆ ಉಬ್ಬಿತ್ತು. ಅಡ್ಡ ಬಂದ ಆಟೋದವನನ್ನು ಕಾಲರ್ ಹಿಡಿದು ಎಳೆದು, ಅವನ ಬಾಯನ್ನು ಅವನದೇ ಆಟೋದ ಕಂಬಿಗೆ ಕುಕ್ಕಿದ್ದ. ಆಟೋದವನು ಅಂಗೈಗೆ ರಕ್ತ ಉಗುಳಿ, ಅದರೊಳಗೆ ಬೆರಳಾಡಿಸಿ ತನ್ನ ಹಲ್ಲು ಹುಡುಕುತ್ತಿದ್ದುದನ್ನು ನೀಲಾವತಿ ಗಾಜಿನೊಳಗಿನಿಂದ ನೋಡಿದ್ದಳು.

"ಹೆದರಬ್ಯಾಡ್ರಿ ಮೇಡಂ, ನಾ ಅದೀನಲ್ಲ," ಎಂದು ರಾಮಾಂಜಿನಿ ಗೇರ್ ಹಾಕಿದ್ದ.

ಅವಳು ಫೈಲು ತೆರೆದು ಕುರುಗೋಡಿನ ಲೆಕ್ಕ ನೋಡತೊಡಗಿದ್ದಳು. ಅವನು ಬಾಗಿಲಲ್ಲಿ ನಿಂತಿರುತ್ತಾನೆಂದೇ ಶೋರೂಮುಗಳಲ್ಲಿ ಗಂಡಸರು ಅವಳೆದುರು ದನಿ ತಗ್ಗಿಸುತ್ತಿದ್ದರು. ಅದು ಅವಳಿಗೆ ಹಿತವಾಗಿತ್ತು. ಹಿತವಾಗಿದೆಯಲ್ಲ ಎಂದು ಭಯವೂ ಆಗುತ್ತಿತ್ತು.

ಕುರುಗೋಡಿನಲ್ಲಿ ಡೀಲರ್ ಮರಿಬಸಪ್ಪ ಒಂದು ಹೊಸ ಗಾಡಿಗೆ ಪೂಜೆ ಮಾಡಿಸಿ ಇವಳಿಗಾಗಿ ಕಾದಿದ್ದ. ಹ್ಯಾಂಡಲಿಗೆ ಚೆಂಡುಹೂವಿನ ಹಾರ, ಗಾಲಿಯ ಕೆಳಗೆ ಲಿಂಬೆಹಣ್ಣು. ಕೊಂಡವನು ಭತ್ತ ಕೊಯ್ಯುವ ಮಷಿನ್ ಓಡಿಸುವ ಪಕ್ಕೀರಪ್ಪ, ಸಿರುಗುಪ್ಪದ ಹತ್ತಿರದವನು. ಪಕ್ಕದಲ್ಲಿ ಅವನ ಹೆಂಡತಿ ಕಾವೇರಿ.

"ಕಂಪನಿ ಮೇಡಂ ಕೈಲೇ ಕೀಲಿ ಇಸ್ಕೋ, ಒಳ್ಳೇದಾಗ್ತೈತಿ," ಅಂದ ಮರಿಬಸಪ್ಪ.

ನೀಲಾವತಿ ಕೀಲಿ ಕೊಟ್ಟಳು. ಪ್ರತಿ ಗಿರಾಕಿಗೂ ಹೇಳುವ ಮಾತನ್ನು ಇವನಿಗೂ ಹೇಳಿದಳು. "ಮೊದಲನೇ ಸರ್ವಿಸ್ ಆಗೋತನಕ ನಲವತ್ತು ದಾಟಬ್ಯಾಡ್ರಿ. ಇಂಜಿನ್ ಇನ್ನಾ ಹಸೀದು."

"ಹಸಿ ಬಾಣಂತಿ ಅಂತ ತಿಳ್ಕೊಳೋ," ಅಂದ ಮರಿಬಸಪ್ಪ.

"ನನ್ನ ಬಾಣಂತನದಾಗ ನಮ್ಮತ್ತಿ ಇಷ್ಟು ನಾಜೂಕು ಮಾಡಿದ್ರ ಆಗಿತ್ತು," ಅಂದಳು ಕಾವೇರಿ.

ಪಕ್ಕೀರಪ್ಪ ನಕ್ಕ. "ನಲವತ್ತು ಅಂದ್ರ ನಲವತ್ತು ಅಕ್ಕಾರ. ಒಂದು ಹೆಚ್ಚಾದ್ರ ಕೇಳ್ರಿ."

ಬಸವಣ್ಣನ ಗುಡಿಗೆ ಹೋಗಿ ಗಾಡಿ ತೋರಿಸಿ ಊರಿಗೆ ಹೋಗುತ್ತೇವೆಂದು ಗಂಡ ಹೆಂಡತಿ ಹೊರಟರು. ನೀಲಾವತಿ ಮರಿಬಸಪ್ಪನ ಜೊತೆ ಮಾರಾಟದ ಮಾತು ಮುಗಿಸಿ, ಊಟ ಮಾಡಿ ಸಿರುಗುಪ್ಪದ ದಾರಿ ಹಿಡಿಯುವ ಹೊತ್ತಿಗೆ ಬಿಸಿಲು ಸುಡುತ್ತಿತ್ತು.

ಸುಗ್ಗಿಯ ಕಾಲ. ರಸ್ತೆಯ ಎರಡೂ ಬದಿಗೆ ಭತ್ತ ಹರವಿದ್ದರು. ಗಾಡಿಗಳು ಅದರ ಮೇಲೆ ಹತ್ತದಿರಲೆಂದು ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದರು. ನಡುವೆ ಉಳಿದದ್ದು ಒಂದೇ ಗಾಡಿಯಷ್ಟು ದಾರಿ. ಆ ದಾರಿಯಲ್ಲಿ ಚೆಂಡುಹೂವಿನ ಹಾರದ ಬೈಕು ನಿಧಾನವಾಗಿ ಹೋಗುತ್ತಿತ್ತು.

ರಾಮಾಂಜಿನಿ ಹಾರನ್ ಒತ್ತಿದ. ಬೈಕಿನವನು ತಿರುಗದೆ ಎಡಗೈ ಎತ್ತಿ, ತಡಿ ಎಂಬಂತೆ ಅಲ್ಲಾಡಿಸಿದ. ಮತ್ತೆ ಒತ್ತಿದ. ಕೈ ಮತ್ತೆ ಎದ್ದಿತು, ಅಷ್ಟೇ ಸಾವಕಾಶವಾಗಿ.

ನರ ಉಬ್ಬಿತು.

"ಬಿಡು ರಾಮಾಂಜಿನಿ. ನಲವತ್ತರಾಗ ಹೋಗು ಅಂತ ನಾನ ಹೇಳೀನಿ ಅವನಿಗೆ."

"ನೀವು ಹೇಳಿದ್ದು ಅವನಿಗೆ ಮೇಡಂ. ನನಗಲ್ಲ."

ಅವನು ಸ್ಟೇರಿಂಗ್ ತಿರುಗಿಸಿ ಭತ್ತದ ಮೇಲೆ ಹತ್ತಿಸಿದ. ಕಲ್ಲುಗಳು ಕಾರಿನ ಹೊಟ್ಟೆಗೆ ಬಡಿದವು. ಮುಂದೆ ನುಗ್ಗಿ ಬೈಕಿಗೆ ಅಡ್ಡ ನಿಲ್ಲಿಸಿ, ಸೀಟಿನ ಕೆಳಗಿನಿಂದ ಜಾಕ್ ರಾಡ್ ಎಳೆದುಕೊಂಡು ಇಳಿದ.

ಪಕ್ಕೀರಪ್ಪ ಹೊಸ ಗಾಡಿಗೆ ಎಲ್ಲಿ ಪೆಟ್ಟಾಗುತ್ತದೋ ಎಂದು ಜೋಪಾನವಾಗಿ ಸ್ಟ್ಯಾಂಡ್ ಹಾಕುತ್ತಿದ್ದ. ಕಾರಿನೊಳಗೆ ನೀಲಾವತಿಯನ್ನು ಕಂಡು ಅವನ ಮುಖ ಅರಳಿತು. ಮಾತಾಡಿಸಲು ನಿಲ್ಲಿಸಿದ್ದಾರೆ ಅಂದುಕೊಂಡ.

"ಅಕ್ಕಾರ, ಮುಳ್ಳು ನೋಡ್ರಿ ಬೇಕಾದ್ರ, ನಲವತ್ತು ದಾಟಿ..."

ರಾಡ್ ಅವನ ಹುಬ್ಬಿನ ಮೇಲೆ ಬಿತ್ತು. ಹಸಿ ಕಟ್ಟಿಗೆ ಸೀಳಿದಂಥ ಸದ್ದು. ಅವನು ಕೂಗಲಿಲ್ಲ, ಮಾತು ಮುಗಿಸಬೇಕೆಂಬಂತೆ ಬಾಯಿ ತೆರೆದೇ ಮಂಡಿಯೂರಿದ. ಎರಡನೆಯ ಏಟು ಕಿವಿಯ ಮೇಲಕ್ಕೆ. ರಕ್ತ ಭತ್ತದ ಮೇಲೆ ಚಿಮ್ಮಿತು. ಬಿದ್ದವನ ಪಕ್ಕೆಗೆ ರಾಮಾಂಜಿನಿ ಒದ್ದ. "ಕೈ ತೋರಿಸ್ತೀಯೇನಲೇ ನನಗ? ತೋರಿಸು ಈಗ." ಎಡಗೈಯನ್ನು ಹುಡುಕಿ, ರಸ್ತೆಗೆ ಹರವಿ, ಬೂಟಿನ ಹಿಮ್ಮಡಿಯಿಂದ ತುಳಿದ. ಬೆರಳುಗಳು ಮುರಿದವು.

ಶೋರೂಮಿನವರು ಕೊಟ್ಟ ಹೆಲ್ಮೆಟ್ ಕಾವೇರಿಯ ತೊಡೆಯ ಮೇಲಿತ್ತು. ಅದು ಉರುಳಿತು. ಅವಳು ಭತ್ತದ ಅಂಚಿನ ಕಲ್ಲೊಂದನ್ನು ಎತ್ತಿ ಓಡಿಬಂದು ರಾಮಾಂಜಿನಿಯ ದವಡೆಗೆ ಕುಕ್ಕಿದಳು. ಅವನು ಅವಳ ಜಡೆ ಹಿಡಿದು ತಿರುಗಿಸಿ ಕಾರಿನ ಬಾನೆಟ್ಟಿಗೆ ಬಡಿದ, ರಾಡ್ ಎತ್ತಿದ.

ಆ ರಾಡನ್ನು ಹಿಂದಿನಿಂದ ಯಾರೋ ಹಿಡಿದರು. ಹಿಡಿದದ್ದು ತಾನೇ ಎಂದು ನೀಲಾವತಿಗೆ ತಿಳಿದದ್ದು ಅಂಗೈಗೆ ರಕ್ತದ ಬಿಸಿ ತಾಗಿದಾಗ.

"ಬಿಡ್ರಿ ಮೇಡಂ."

ಅವಳು ಬಿಡಲಿಲ್ಲ. ಅವನು ಜಗ್ಗಿದ. ರಸ್ತೆಯ ಮೇಲೆ ಎಳೆದಾಡಿದ. ಮಂಡಿ ತರಚಿದರೂ ಅವಳು ಬೆರಳು ಸಡಿಲಿಸಲಿಲ್ಲ. ದೂರದ ಗದ್ದೆಯಿಂದ ಜನ ಕೂಗುತ್ತ ಬರುವುದು ಕಾಣಿಸಿತು. ಅವನು ರಾಡ್ ಅವಳ ಕೈಗೇ ಬಿಟ್ಟು ಕಾರು ಹತ್ತಿದ. "ಬೈಕ್ ಜಾರಿ ಬಿದ್ದ ಅನ್ರಿ. ನಿಮ್ಮ ಸಲುವಾಗಿ ಎಷ್ಟು ಮಂದೀನ ಹೊಡದೀನಿ, ನೆನಪಿರಲಿ," ಅಂದು ಸಿರುಗುಪ್ಪದ ಕಡೆಗೇ ಹೋದ.

ಬಂದವರ ಹತ್ತಿರ ಕುಡುಗೋಲು ಬಿಟ್ಟರೆ ಏನೂ ಇರಲಿಲ್ಲ. ಆಂಬುಲೆನ್ಸ್ ಬರುವವರೆಗೆ ಕಾದರೆ ಪಕ್ಕೀರಪ್ಪ ಉಳಿಯುವುದಿಲ್ಲ ಎಂದು ಅವನ ಉಸಿರೇ ಹೇಳುತ್ತಿತ್ತು. ನೀಲಾವತಿ ರಾಡನ್ನು ಅವರ ಕೈಗೆ ಕೊಟ್ಟು, ಹಾರ ಕಿತ್ತೆಸೆದು ಬೈಕ್ ಹತ್ತಿದಳು. ಜನ ಅವನನ್ನು ಅವಳ ಬೆನ್ನಿಗೆ ಆನಿಸಿ ಕೂರಿಸಿದರು. ಹಿಂದೆ ಕಾವೇರಿ ಕೂತು, ಸೆರಗಿನಿಂದ ಮೂವರನ್ನೂ ಸೇರಿಸಿ ಬಿಗಿದಳು.

ಮುಳ್ಳು ನಲವತ್ತಕ್ಕೆ ಬಂತು, ದಾಟಿತು. ಐವತ್ತು, ಎಪ್ಪತ್ತು. ಹಸಿ ಇಂಜಿನ್ ಕಿರುಚಿತು. ಅವಳ ಕುತ್ತಿಗೆಯ ಮೇಲೆ ಬಿಸಿ ರಕ್ತ ಇಳಿದು ರವಿಕೆಯೊಳಗೆ ಹರಿಯಿತು.

"ಅಕ್ಕಾರ," ಎಂದ ಪಕ್ಕೀರಪ್ಪ, ಅವಳ ಭುಜದ ಮೇಲೆ ಬಾಯಿಟ್ಟೇ. "ಜೋರಾತು."

"ಮಾತಾಡ್ರಿ ನೀವು. ಬೈರಿ ನನ್ನ. ಸುಮ್ಮನಾಗಬ್ಯಾಡ್ರಿ."

ಅವನು ಸುಮ್ಮನಾದ. ಹಿಂದಿನಿಂದ ಕಾವೇರಿ ಗಂಡನನ್ನು ಬಾಯಿಗೆ ಬಂದಂತೆ ಬೈಯತೊಡಗಿದಳು. ಮದುವೆಯಲ್ಲಿ ಅವನ ಮನೆಯವರು ಹಾಕಿದ ಹರಕು ಚಪ್ಪರದಿಂದ ಶುರುಮಾಡಿದವಳು ಸಿರುಗುಪ್ಪ ಬರುವವರೆಗೂ ನಿಲ್ಲಿಸಲಿಲ್ಲ.

ಸಿರುಗುಪ್ಪದ ಆಸ್ಪತ್ರೆಯಲ್ಲಿ ಡಾಕ್ಟರು ತಲೆಗೆ ಬಟ್ಟೆ ಒತ್ತಿ ಕಟ್ಟಿದರು. ಒಳಗೆ ರಕ್ತ ಹೆಪ್ಪುಗಟ್ಟಿರಬೇಕು, ತಕ್ಷಣ ಬಳ್ಳಾರಿಗೆ ಒಯ್ಯಬೇಕು ಅಂದರು. ಆಂಬುಲೆನ್ಸ್ ಸಜ್ಜಾಗುತ್ತಿರುವಾಗ ಪೊಲೀಸನೊಬ್ಬ ಬಂದು ಬೈಕು ನೋಡಿದ. "ಹೊಸ ಗಾಡಿ. ಜೋರು ಹೊಡೆದಿರಬೇಕು."

"ಹೌದ್ರಿ ಸರ್, ಜಾರಿ ಬಿದ್ದ. ನಾವ ನೋಡಿದ್ವಿ."

ರಾಮಾಂಜಿನಿ. ಮುಖ ತೊಳೆದು ಬೇರೆ ಅಂಗಿ ಹಾಕಿದ್ದ. ದವಡೆ ಬಾತಿತ್ತು. ನೀಲಾವತಿಗೆ ನೀರಿನ ಬಾಟಲಿ ಚಾಚಿದ. "ಅಲ್ಲೇನ್ರಿ ಮೇಡಂ?" ಅವಳು ಸುಮ್ಮನೇ ಇರುತ್ತಾಳೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಅವಳು ಬಾಟಲಿ ಮುಟ್ಟಲಿಲ್ಲ. "ಅವ ಬಿದ್ದಿಲ್ಲ ಸರ್. ನಲವತ್ತರಾಗ ಹೊಂಟಿದ್ದ. ಇವ ನನ್ನ ಡ್ರೈವರ್ ರಾಮಾಂಜಿನಿ. ಇವ ರಾಡಿನಾಗ ಹೊಡದ. ರಾಡ್ ನನ್ನ ಕೈಯಾಗಿತ್ತು, ಗದ್ದಿಯವರ ಹತ್ರ ಕೊಟ್ಟು ಬಂದೀನಿ."

ಅವನು ಪೊಲೀಸನ ಕಡೆ ತಿರುಗಿದಾಗ ಕಿವಿಯ ಹಿಂದೆ ನರ ಉಬ್ಬಿದ್ದನ್ನು ಅವಳು ನೋಡಿದಳು. ಅವನ ಮುಷ್ಟಿ ಅವಳ ಬಾಯಿಗೆ ಬಿತ್ತು. ತಲೆ ಗೋಡೆಗೆ ಬಡಿಯಿತು, ನಾಲಿಗೆಗೆ ಕಬ್ಬಿಣದ ರುಚಿ. ಮತ್ತೆ ಎತ್ತಿದ ಕೈಯನ್ನು ಪೊಲೀಸ ಹಿಂದಕ್ಕೆ ತಿರುಚಿದ. ಕಾಂಪೌಂಡಿನಲ್ಲಿದ್ದವರು ಓಡಿಬಂದು ಅವನ ಮೇಲೆ ಬಿದ್ದರು. ಜನರ ಕಾಲುಗಳ ನಡುವೆ ಅವನ ಮುಖ ನೆಲಕ್ಕೆ ಉಜ್ಜುತ್ತಿತ್ತು. "ಮೇಡಂ, ಬಿಡಿಸ್ರಿ" ಅನ್ನುತ್ತಿದ್ದ.

ನೀಲಾವತಿ ಉಗುಳಿದಳು. ರಕ್ತದ ಜೊತೆ ಹಲ್ಲಿನ ಚೂರು ಬಂತು. ಅದನ್ನು ಹುಡುಕದೆ ಕಾವೇರಿಯ ಹಿಂದೆ ಆಂಬುಲೆನ್ಸ್ ಹತ್ತಿದಳು. ಪಕ್ಕೀರಪ್ಪನ ಎದೆ ಇನ್ನೂ ಏರಿಳಿಯುತ್ತಿತ್ತು.

"ರಸ್ತೆ ತುಂಬ ಭತ್ತ ಹಾಕ್ಯಾರ ಅಕ್ಕಾರ," ಅಂದ ಆಂಬುಲೆನ್ಸಿನ ಡ್ರೈವರ್. "ಸಾವಕಾಶ ಹೋಗಬೇಕಾಗ್ತೈತಿ."

"ಭತ್ತದ ಮ್ಯಾಲೆ ಹೊಡೀರಿ," ಅಂದಳು ನೀಲಾವತಿ. "ಎಷ್ಟು ಜೋರು ಆಗ್ತೈತೋ ಅಷ್ಟು."