ಟ್ಯೂಬಿನ ಪಟ್ಟಿ

ಆ ಗಂಧಕ ಕೆಸರಿನದ್ದೇ ಇರಬಹುದಲ್ಲ? ಇರಬಹುದು. ಆದರೆ ಕೆಸರು ತುಂಬಿದ ಪೈಪಿನ ಬಾಯಿಗೆ ಮುಖೇಶ್ ಬಿಗಿದದ್ದು ಸ್ಕೂಟರಿನ ಹಳೆಯ ಟ್ಯೂಬು. ಗಂಧಕ ಬೆರೆಸದೆ ಟ್ಯೂಬಿನ ರಬ್ಬರು ಗಟ್ಟಿಯಾಗುವುದಿಲ್ಲ. ಹಾಗಾದರೆ ತಾನು ಇಷ್ಟು ದಿನ ಅಳೆದದ್ದು ಯಾವುದನ್ನು?

ದೇರೆಬೈಲಿನ ಕೋಣೆಯಿಂದ ಪ್ರಯೋಗಾಲಯದವರೆಗೂ ಇರ್ವಿನ್ ಇದನ್ನೇ ಜಗಿಯುತ್ತ ಬಂದ. ಅಳಿವೆಯ ತಳಕ್ಕೆ ಪೈಪು ಇಳಿಸಿ ತೆಗೆದ ಕೆಸರು ಅದು. ಉಪ್ಪುನೀರಿನ ದಡದಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ, ಹಿಂದೆಂದೋ ಕೊಳೆತ ಎಲೆಗಳ ಸಾರ ಗಂಧಕದೊಡನೆ ಕೂಡಿಕೊಂಡು ಅದರಲ್ಲಿ ಉಳಿದಿದೆ ಎಂಬುದೇ ಅವನ ಪಿಎಚ್‌ಡಿ. ಗಂಧಕವನ್ನು ಮಾತ್ರ ಗುರುತಿಸುವ ಯಂತ್ರ ಪರದೆಯಲ್ಲಿ ಶಿಖರಗಳನ್ನೂ ಎಬ್ಬಿಸಿತ್ತು. ಗೈಡ್ ಒಲಿಂಡಾ ಮೇಡಂ ಇವತ್ತು ಸಂಜೆ ಆ ಫಲಿತಾಂಶವನ್ನು ಸಂಶೋಧನಾ ಪತ್ರಿಕೆಗೆ ಕಳಿಸುವವರು. ನಿನ್ನೆ ಫ್ರೀಜರಿನಲ್ಲಿ ಪೈಪಿನ ಮುಚ್ಚಳ ಜಾರಿದಾಗ, ಅದರಡಿ ಈ ಟ್ಯೂಬು ಕಂಡಿತ್ತು.

ಜೊತೆಗೆ ಸಂಶೋಧನೆ ಮಾಡುವ ಮುಖೇಶ್ ಬಂದರಿನ ದೋಣಿಯವರ ಮಗ. ಅವರಲ್ಲಿ ಬುತ್ತಿಯಿಂದ ಡೀಸೆಲ್ ಕ್ಯಾನಿನವರೆಗೆ ಎಲ್ಲಕ್ಕೂ ಟ್ಯೂಬಿನ ಪಟ್ಟಿಯೇ ಕಟ್ಟು.

ಇರ್ವಿನ್ ಆ ಪಟ್ಟಿಯ ತುಂಡೊಂದನ್ನು ಕತ್ತರಿಸಿ, ಕೆಸರನ್ನು ನೆನೆಸಿದ ದ್ರಾವಕದಲ್ಲೇ ನೆನೆಸಿದ. ಅಷ್ಟರಲ್ಲಿ ಮುಖೇಶ್ ಒಳಗೆ ಬಂದ.

"ಎಂತ ಮಾರಾಯ, ಟ್ಯೂಬಿನ ಸಾರು ಮಾಡ್ತಿದ್ದೀಯಾ? ಮೀನು ಹಾಕಿದ್ದೀಯಾ ಇಲ್ವಾ?"

"ಸುಮ್ಮನೆ ನೋಡ್ತೇನೆ."

"ಸುಮ್ಮನೆ ನೋಡುವವನ ಮುಖ ಹೀಗೆ ಇರ್ತದಾ? ಬಿಕರ್ನಕಟ್ಟೆ ಇಗರ್ಜಿಗೆ ಹರಕೆ ಹೊತ್ತವನ ಹಾಗೆ ಉಂಟು."

ಇರ್ವಿನ್ ದ್ರಾವಕದ ಹನಿಯನ್ನು ಯಂತ್ರಕ್ಕೆ ಚುಚ್ಚಿ ಕಾದ. ಬಹಳ ಹೊತ್ತು ಗೆರೆ ಮಲಗಿಯೇ ಇತ್ತು. ಆಮೇಲೆ ಒಂದು ಶಿಖರ ಎದ್ದಿತು, ಕೆಸರಿನದರಲ್ಲಿ ಏನೂ ಇಲ್ಲದ ಜಾಗದಲ್ಲಿ. ಇನ್ನೊಂದೂ ಹಾಗೆಯೇ. ಕೆಸರಿನ ಶಿಖರಗಳಿದ್ದ ಕಡೆ ರಬ್ಬರಿನ ಗೆರೆ ಅಳಿವೆಯ ನೀರಿನಂತೆ ಸಮತಟ್ಟು. ಒಂದರ ಮೇಲೊಂದು ಇಟ್ಟು ನೋಡಿದ. ರಬ್ಬರಿನ ಒಂದು ಗುರುತೂ ಕೆಸರಿಗೆ ತಾಗಿರಲಿಲ್ಲ. ಗಂಧಕ ಕೆಸರಿನದ್ದೇ.

ಅವನು ಸ್ಟೂಲಿನ ಮೇಲೆ ಕುಳಿತ. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂಬುದು ಹೊಟ್ಟೆಗೆ ಈಗ ನೆನಪಾಯಿತು.

"ಎಂತಾಯ್ತು?" ಎಂದ ಮುಖೇಶ್.

"ಎಂತ ಇಲ್ಲ. ಬಾ, ಬನ್ಸ್ ತಿನ್ನುವ. ನಾನು ಕೊಡಿಸ್ತೇನೆ."

"ನೀನು ಕೊಡಿಸುವುದಾ? ಹಾಗಾದ್ರೆ ಏನೋ ಉಂಟು."

ಕ್ಯಾಂಟೀನಿನಲ್ಲಿ ಇರ್ವಿನ್ ಎರಡು ಬನ್ಸ್ ತಿಂದು ಮೂರನೆಯದನ್ನು ತರಿಸಿದ. ಮುಂದಿನ ಸಲ ಟ್ಯೂಬು ಬೇಡ, ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಸಾಕು ಎಂದಷ್ಟೇ ಹೇಳಿದ. ಮುಖೇಶ್ ಬಾಯಿ ತುಂಬ ಬನ್ಸ್ ಇಟ್ಟುಕೊಂಡೇ ತಲೆಯಾಡಿಸಿದ.

ಮೇಡಂ ಕೇಳಿದರೆ ತಪ್ಪೆಲ್ಲ ಮುಖೇಶನದ್ದೇ ಎನ್ನಲು, ಬೆಳಿಗ್ಗೆ ದಾರಿಯುದ್ದಕ್ಕೂ ತಾನು ಮಾತು ಜೋಡಿಸಿಕೊಂಡು ಬಂದಿದ್ದನ್ನು ಮಾತ್ರ ಇರ್ವಿನ್ ಅವನಿಗೆ ಎಂದೂ ಹೇಳಲಿಲ್ಲ.