ಅಲ್ಲಾಡಬೇಡ

ಮೂರನೆಯ ರಟ್ಟಿನ ಪೆಟ್ಟಿಗೆಯ ಫೋಟೋಗಳನ್ನೂ ನಾದಿನಿ ನೆಲಕ್ಕೆ ಸುರಿದಳು. ಹಳದಿ ಹೂವು, ನೀಲಿ ಹೂವು, ಇಬ್ಬನಿ ಹೊತ್ತ ಜೇಡರ ಬಲೆ, ಹುಲ್ಲುಕಡ್ಡಿಯನ್ನು ತಬ್ಬಿಕೊಂಡು ನಿದ್ದೆಹೋದ ಮಿಡತೆ. ಮನುಷ್ಯರ ಮುಖ ಮಾತ್ರ ಒಂದೂ ಇಲ್ಲ.

“ಊರವರ ಮುಖವೆಲ್ಲ ತೆಗೆದ ನಮ್ಮಣ್ಣಂದು ಒಂದೇ ಒಂದು ಫೋಟೋ ಇಲ್ವಲ್ಲ ಅತ್ತಿಗೆ! ತಲೆ ಹತ್ರ ಏನಿಡೋದು?”

ನಡುಮನೆಯಲ್ಲಿ ಅತ್ತಿಗೆಯ ಗಂಡ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಒಂಬತ್ತಕ್ಕೆ ಗಾಡಿ ಬರುವುದಿತ್ತು.

ಅವನ ಫೋಟೋ ಸ್ಟುಡಿಯೋದ ಪಕ್ಕದಂಗಡಿಯ ದರ್ಜಿ ಬಾಗಿಲ ಬಳಿ ಕೂತಿದ್ದ. “ಯಾರೇ ಬರ್ಲಿ, ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ ಅಂತಿದ್ದ. ನನ್ನ ಮದುವೆ ಫೋಟೋದಲ್ಲಿ ನಾನು ಲೈಟ್ ಕಂಬ ನಿಂತ ಹಾಗಿದೀನಿ. ಈಗ ನೋಡಿ, ತಾನೇ...” ನಗಲು ಹೊರಟವರು ಕಣ್ಣೊರೆಸಿಕೊಂಡರು.

“ಅವರಿಗೆ ಹೂವು, ಹುಳ ಇದ್ರೆ ಸಾಕಿತ್ತು,” ಎಂದಳು ಹೆಂಡತಿ. ದನಿಯಲ್ಲಿ ಹಳೆಯ ಮುನಿಸಿತ್ತು. ಅದನ್ನು ಕೇಳಿಸಿಕೊಳ್ಳಬೇಕಾದವನೇ ಇರಲಿಲ್ಲ.

*

ಮದುವೆಯಾದ ವರ್ಷ. ಮಳೆಗಾಲ ಮುಗಿದು, ಊರಾಚೆಯ ಹುಲ್ಲುಗಾವಲು ಹೊಂಬಣ್ಣಕ್ಕೆ ತಿರುಗಿತ್ತು. ಕತ್ತಲಿರುವಾಗಲೇ ಕ್ಯಾಮೆರಾ ಹೆಗಲಿಗೇರಿಸಿ ಹೊರಟವನು ಸ್ವೆಟರ್ ಮರೆತಿದ್ದ. ಅದನ್ನು ಹಿಡಿದು ಇವಳು ಹಿಂದೆಯೇ ಓಡಿದಳು. ಅವನು ಒಂದು ಹೂವಿನ ಮುಂದೆ ಹೊಟ್ಟೆಯ ಮೇಲೆ ಮಲಗಿ, ಅದರ ಮೇಲಿನ ಚಿಟ್ಟೆ ರೆಕ್ಕೆ ಬಿಚ್ಚುವುದನ್ನು ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಇವಳ ಹೆಜ್ಜೆ ಸದ್ದಿಗೆ ಚಿಟ್ಟೆ ಹಾರಿತು. ಅವನು ಎದ್ದು ನಿಂತ. ಬೆನ್ನ ಹಿಂದೆ ಸೂರ್ಯ ಆಗಷ್ಟೇ ಮೇಲೆದ್ದಿದ್ದ.

“ಅಲ್ಲಾಡಬೇಡ!” ಎಂದ, ತಿರುಗದೆ.

ಕ್ಲಿಕ್ ಎಂದಿತು. ಮತ್ತಾವುದೋ ಹುಳವಿರಬೇಕು ಅಂದುಕೊಂಡಳು. ಗಿರಾಕಿಗಳಿಗೆ ಹೇಳುವ ಅದೇ ದನಿ. ಅವಳು ಸ್ವೆಟರನ್ನು ಹುಲ್ಲಿನ ಮೇಲೆ ಬಿಸಾಕಿ ಮನೆಗೆ ಬಂದಳು.

ಆಮೇಲೆ ಹುಲ್ಲು ಹೊಂಬಣ್ಣಕ್ಕೆ ತಿರುಗಿದಾಗಲೆಲ್ಲ ಅವನು ತಪ್ಪದೆ ಕೇಳುತ್ತಿದ್ದ: “ನಾಳೆ ಬರ್ತೀಯಾ?”

“ನಾನು ಬಂದ್ರೆ ನಿಮ್ಮ ಚಿಟ್ಟೆ ಹಾರಿಹೋಗುತ್ತೆ.”

ಅವನು ನಕ್ಕು ಸುಮ್ಮನಾಗುತ್ತಿದ್ದ. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಕಳೆದ ವಾರವೂ ಕೇಳಿದ್ದ. ಹೂಂ ಎನ್ನುವುದು ಈ ಸಲ ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು.

*

“ಇದೇನತ್ತಿಗೆ?” ಕ್ಯಾಮೆರಾ ಚೀಲದ ಒಳಜೇಬಿನಿಂದ ನಾದಿನಿ ಅಂಚು ಸವೆದ ಒಂದು ಫೋಟೋ ತೆಗೆದಳು. “ಹೂವೂ ಇಲ್ಲ, ಹುಳಾನೂ ಇಲ್ಲ. ಬರೀ ನೆರಳು.”

ಹುಲ್ಲಿನ ಮೇಲೆ ಎರಡು ಉದ್ದನೆಯ ನೆರಳು ಬಿದ್ದಿದ್ದವು. ಒಂದು ಕ್ಯಾಮೆರಾ ಎತ್ತಿ ಹಿಡಿದಿತ್ತು. ಅದರ ಹೆಗಲಿಗೆ ತಲೆಯಾನಿಸಿದಂತಿದ್ದ ಇನ್ನೊಂದರ ಕೈಯಿಂದ ಸ್ವೆಟರ್ ಜೋತಾಡುತ್ತಿತ್ತು.

ಅವಳು ಫೋಟೋ ತಿರುಗಿಸಿದಳು. ಪ್ರತಿ ಚಿತ್ರದ ಹಿಂದೆಯೂ ಹೂವಿನದೋ ಹುಳದ್ದೋ ಹೆಸರು, ತೆಗೆದ ಹೊತ್ತು ಬರೆಯುವುದು ಅವನ ರೂಢಿ. ಇಲ್ಲಿಯೂ ಪೆನ್ಸಿಲಿನಲ್ಲಿ ಬರೆದಿದ್ದ: ‘ಅವಳು. ಬೆಳಿಗ್ಗೆ ಆರೂಕಾಲು.’

“ಇದನ್ನೇ ಇಡು,” ಎಂದಳು.

“ಇದ್ರಲ್ಲಿ ಅಣ್ಣನ ಮುಖಾನೇ ಇಲ್ವಲ್ಲ?”

“ಇಡು ಅಂದ್ನಲ್ಲ.”

ಗಾಡಿ ಬಂತು. ಎತ್ತುವವರು ಒಳಗೆ ಬಂದರು. ಅವಳು ಕಿಟಕಿಗೆ ಬೆನ್ನು ಮಾಡಿ ನಿಂತಿದ್ದಳು. ಬೆಳಗಿನ ಬಿಸಿಲಿಗೆ ಅವಳ ನೆರಳು ಅವನ ಎದೆಯ ಮೇಲೆ ಉದ್ದಕ್ಕೆ ಬಿದ್ದಿತ್ತು.

“ಅಕ್ಕಾ, ಸ್ವಲ್ಪ ಸರೀರಿ,” ಎಂದ ದರ್ಜಿ, ಮೆಲ್ಲಗೆ.

ಅವಳು ಅಲ್ಲಾಡಲಿಲ್ಲ.