ತಲೆತಗ್ಗಿಸಿದ ಹೂವಿನ ಬೀಜ

ಜನರ ಬಾಯಿ ನೋಡಿ ನೋಡಿ ದಂತವೈದ್ಯೆಗೆ ಜನರ ಮೇಲಿದ್ದ ಗೌರವವೇ ಹೊರಟುಹೋಗಿತ್ತು. ಒಳಗೆ ಹುಳುಕು ಇಟ್ಟುಕೊಂಡು ಹೊರಗೆ ಬಣ್ಣ ಬಳಿದುಕೊಳ್ಳುವವರೇ ಎಲ್ಲ ಎಂಬುದು ಅವಳ ತೀರ್ಮಾನ. ಅಂಗಡಿಯಿಂದ ಕೆಂಪು ಹಳದಿ ಹೂವಿನ ಗಿಡ ತಂದು ಸಾಲಾಗಿ ನೆಟ್ಟು, ಅವು ಒಣಗಿದ ಮೇಲೆ ಕಿತ್ತೆಸೆಯುವವರ ಅಂಗಳ ಕಂಡರೆ ಅವಳಿಗೆ ಕಟ್ಟಿಸಿದ ಹಲ್ಲಿನ ಸೆಟ್ಟು ನೆನಪಾಗುತ್ತಿತ್ತು.

ಅವಳ ಹಿತ್ತಲಿನ ಗಿಡಗಳ ಜಾತಿಯೇ ಬೇರೆ. ಚಳಿಗೆ ನೆಲದೊಳಗೆ ಅಡಗಿ ವರ್ಷವರ್ಷವೂ ಮತ್ತೆ ತಲೆಯೆತ್ತುವ, ಬೇರೆ ಯಾರ ಮನೆಯಲ್ಲೂ ಸಿಗದ ಗಿಡಗಳು. ಅವುಗಳಲ್ಲಿ ಒಂದು ಅವಳ ಕಣ್ಮಣಿ: ಬೇಸಿಗೆ ಕಾಲಿಡುವ ಹೊತ್ತಿಗೆ ಬೂದುಹಸಿರಿನ ಗಂಟೆಯಂಥ ಹೂವು ಬಿಟ್ಟು ತಲೆತಗ್ಗಿಸಿ ನಿಲ್ಲುತ್ತಿತ್ತು. ಒಳಗಿನ ಕಂದು ಚುಕ್ಕಿ ನೋಡಬೇಕಾದರೆ ಮಂಡಿಯೂರಬೇಕು. ಮಂಡಿಯೂರದವರಿಗೆ ಅದು ಕಾಣುವುದೂ ಬೇಡ ಎಂದು ಅವಳ ವಾದ.

ಆದರೆ ಅದು ಬೀಜ ಕಟ್ಟುತ್ತಿರಲಿಲ್ಲ. ದೂರದಿಂದ ತರಿಸಿದ ಬೀಜದಲ್ಲಿ ಮೊಳೆತದ್ದು ಎರಡೇ. ಗಟ್ಟಿಯಾದದ್ದನ್ನು ತಾನು ಇಟ್ಟುಕೊಂಡಳು. ಅದರ ಗಡ್ಡೆ ಮರಿ ಹಾಕಿ ಹಾಕಿ ಒಂದು ಪಾತಿಯೇ ಆಯಿತು. ಎಲ್ಲವೂ ಒಂದೇ ಗಡ್ಡೆಯ ಸಂತಾನವಾದ್ದರಿಂದ ಒಂದರ ಪರಾಗ ಇನ್ನೊಂದಕ್ಕೆ ಹಿಡಿಯುತ್ತಿರಲಿಲ್ಲ. ಬಡಕಲಾಗಿದ್ದ ಇನ್ನೊಂದು ಸಸಿಯನ್ನು, ಎಸೆಯುವ ಬದಲು, ನಾದಿನಿ ಹೊಸ ಮನೆಗೆ ಹೋದಾಗ ಉಡುಗೊರೆ ಎಂದು ಕೊಟ್ಟಿದ್ದಳು.

ನಾದಿನಿಯದು ಪರದೆ ಬಟ್ಟೆಯ ಅಂಗಡಿ. ಅವಳ ತೋಟದಲ್ಲಿ ಬಣ್ಣ ಬಳಿದ ಟೈರುಗಳು, ಪ್ಲಾಸ್ಟಿಕ್ಕಿನ ಹಂಸ. ಸಸಿ ಎಂದೋ ಸತ್ತಿರಬೇಕು ಎಂದುಕೊಂಡಿದ್ದ ದಂತವೈದ್ಯೆಗೆ, ಒಂದು ಬೇಸಿಗೆಯಲ್ಲಿ ಊಟಕ್ಕೆ ಬಂದಿದ್ದ ನಾದಿನಿ ಹೇಳಿದಳು: "ಅತ್ತಿಗೆ, ನೀವು ಕೊಟ್ಟ ಮಂಕು ಗಿಡ ಹೂವು ಬಿಟ್ಟಿದೆ. ಪಾಪ, ಬಣ್ಣಾನೇ ಇಲ್ಲ."

ದಂತವೈದ್ಯೆ ಚಮಚ ಕೆಳಗಿಟ್ಟಳು. "ಕೀಳಬೇಡ. ನಾಳೆ ಬರ್ತೀನಿ."

ಮರುದಿನ ಕ್ಲಿನಿಕ್ಕಿನ ಚಿಮಟ ಹಿಡಿದು ಹೋದಳು. ಎರಡು ಟೈರುಗಳ ನಡುವೆ, ಅವಳ ಗಿಡಕ್ಕಿಂತ ಒಂದು ಗೇಣು ಎತ್ತರಕ್ಕೆ, ಆ ಬಡಕಲು ಸಸಿ ಬೆಳೆದು ನಿಂತಿತ್ತು. ಅದನ್ನು ಅವಳಿಗೆ ಸಹಿಸಲಾಗಲಿಲ್ಲ. ಪರಾಗದ ಕಡ್ಡಿಗಳನ್ನು ಪೊಟ್ಟಣಕ್ಕೆ ಉದುರಿಸಿಕೊಳ್ಳುವಾಗ ನಾದಿನಿ ಹಿಂದೆ ಬಂದು ನಿಂತಳು.

"ಇಷ್ಟು ದಿನಕ್ಕೆ ನಮ್ಮ ತೋಟಕ್ಕೆ ಬಂದ್ರಿ. ಹೇಗಿದೆ ಹೇಳಿ."

"ಬಣ್ಣ ಬಣ್ಣವಾಗಿದೆ," ಎಂದಳು ದಂತವೈದ್ಯೆ.

ನಾದಿನಿ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ನಕ್ಕಳು. ಮೂರ್ಖರ ಜೊತೆ ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದುಕೊಳ್ಳುತ್ತ ದಂತವೈದ್ಯೆ ಮನೆಗೆ ನಡೆದಳು.

ಕುಂಚದಿಂದ ಒಂದೊಂದು ಹೂವಿಗೂ ಪರಾಗ ಮುಟ್ಟಿಸಿದಳು. ಕೆಲವು ದಿನಗಳಲ್ಲಿ ಎಸಳು ಉದುರಿತು. ನೆಲ ನೋಡುತ್ತಿದ್ದ ತೊಟ್ಟುಗಳು ಒಂದೊಂದಾಗಿ ಮೇಲಕ್ಕೆ ತಿರುಗಿದವು. ತುದಿಯಲ್ಲಿ ಆರು ಏಣಿನ ಕಾಯಿ ಊದಿಕೊಂಡಿತು. ಅವಳು ದಿನಾ ಬೆಳಿಗ್ಗೆ ಮಂಡಿಯೂರಿ ನೋಡುವಳು.

"ಅಂತೂ ನಮ್ಮ ತಂಗಿ ಇಲ್ಲದೆ ನಿನಗೆ ಆಗಲಿಲ್ಲ," ಎಂದ ಗಂಡ.

"ಗಿಡಕ್ಕೆ ಆಗಲಿಲ್ಲ. ನನಗೇನು?"

ಕಾಯಿ ಒಣಗಿ ಬಿರಿದಾಗ ಬೀಜಗಳನ್ನು ದೀಪದ ಎದುರು ಹಿಡಿದು ಬೇರ್ಪಡಿಸಿದಳು. ಗಟ್ಟಿ ಬೀಜದ ಒಳಗೆ ಕಪ್ಪು ಗೆರೆ ಕಾಣುತ್ತದೆ, ಜೊಳ್ಳಿನಲ್ಲಿ ಕಾಣುವುದಿಲ್ಲ. ನಾದಿನಿಯೂ ಬೀಜ ಕೇಳಿದ್ದಳು. ಅವಳ ಪೊಟ್ಟಣಕ್ಕೆ ಜೊಳ್ಳನ್ನೆಲ್ಲ ತುಂಬುತ್ತಿದ್ದುದನ್ನು ಗಂಡ ನೋಡಿದ.

"ಅದು ಮೊಳೆಯೋದಿಲ್ಲ ಅಲ್ವಾ?"

"ಅವಳಿಗೆಲ್ಲಿ ಗೊತ್ತಾಗುತ್ತೆ?"

"ಸಿಟ್ಟು ಬಂದು ಆ ಗಿಡ ಕಿತ್ತು ಹಾಕಿದ್ರೆ? ಬರೋ ವರ್ಷ ಪರಾಗಕ್ಕೆ ಮತ್ತೆ ಅಲ್ಲಿಗೇ ಹೋಗ್ಬೇಕಲ್ಲ ನೀನು."

ಅದು ನಿಜ. ಈ ಬೀಜದಿಂದ ಹುಟ್ಟುವ ಸಸಿಗಳು ಹೂವು ಬಿಡಲು ಇನ್ನೂ ವರ್ಷಗಳೇ ಬೇಕು. ದಂತವೈದ್ಯೆ ಹಲ್ಲು ಕಚ್ಚಿಕೊಂಡು, ಭಿಕ್ಷೆ ಹಾಕುವಂತೆ, ಒಂದು ಚಿಟಿಕೆ ಗಟ್ಟಿ ಬೀಜವನ್ನು ಜೊಳ್ಳಿನ ಮೇಲೆ ಉದುರಿಸಿದಳು.

ಅದನ್ನು ಕೊಡಲು ಅವಳ ಮನೆಗೆ ಹೋದಾಗ ನಾದಿನಿ ಕಾಫಿ ಕೊಟ್ಟು ಎದುರಿಗೆ ಕುಳಿತು ಪೊಟ್ಟಣ ಬಿಚ್ಚಿದಳು. ಬೀಜವನ್ನೆಲ್ಲ ಅಂಗೈಗೆ ಸುರಿದುಕೊಂಡು ಮೆಲ್ಲಗೆ ಊದಿದಳು. ಜೊಳ್ಳೆಲ್ಲ ಹಾರಿ ದಂತವೈದ್ಯೆಯ ಮಡಿಲಿಗೆ ಬಿತ್ತು. ಅಂಗೈಯಲ್ಲಿ ಉಳಿದದ್ದು ಆ ಒಂದು ಚಿಟಿಕೆ.

"ಜೊಳ್ಳೇ ಜಾಸ್ತಿ ಇದೆ ಅತ್ತಿಗೆ. ನಿಮಗೆ ಗೊತ್ತಾಗಿಲ್ಲ ಅನ್ಸುತ್ತೆ," ಎಂದಳು ನಾದಿನಿ, ನಿಜವಾದ ಮರುಕದಿಂದ. "ಮುಂದಿನ ಸಲ ನನ್ನ ಹತ್ರ ಕಳಿಸಿ, ಊದಿ ಕೊಡ್ತೀನಿ."

ದಂತವೈದ್ಯೆ ಮಡಿಲು ಕೊಡವಲಿಲ್ಲ. ಕಾಫಿ ಸಿಹಿ ಜಾಸ್ತಿಯಾಗಿತ್ತು. ಹಲ್ಲಿಗೆ ಒಳ್ಳೆಯದಲ್ಲ ಎಂದು ಗೊತ್ತಿದ್ದೂ ಅಷ್ಟನ್ನೂ ಕುಡಿದು ಮುಗಿಸಿದಳು.